ಪುಂಗಿಯಲ್ಲದ ಪುಂಗಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋಗಿ ಬಂದವರಿಗೆ ಅಲ್ಲಿಯ ಗಂಗೆಯ ಕೊಳದ ವಿಚಾರವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಭಕ್ತರು ಮನಸ್ಸಿನಲ್ಲಿ ಒಂದು ಬೇಡಿಕೆಯನ್ನು ಇಟ್ಟುಕೊಂಡು ಕೊಳದೆದುರು ಕೈಮುಗಿದು ನಿಲ್ಲುತ್ತಾರೆ. ನೀರಿನ ಆಳದಿಂದ ತೆಂಗಿನಕಾಯಿಯೋ, ಬಾಳೆಹಣ್ಣೋ, ಬಳೆಯೋ ತೇಲಿ ಬಂದರೆ ಅದು ಗಂಗಮ್ಮನ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಕೆಲವರಿಗೆ ಬೇಗ ಒಲಿಯುವುದುಂಟು. ಕೆಲವರು ಬಿಸಿಲೇರುವವರೆಗೂ ಕಾಯುವುದುಂಟು. ನನ್ನ ತಾಯಿ ಕಾಯುವವರ ಸಾಲಿಗೆ ಸೇರಿದವರು. ೧೯೭೮ರ ಬೇಸಗೆಯಲ್ಲಿ ಅವರು ಹೀಗೆ ಕೊಳದ ನೀರನ್ನೇ ದಿಟ್ಟಿಸುತ್ತ ನಿಂತಿದ್ದಾಗ, ಹತ್ತು ವರ್ಷದ ನಾನು ಬೇರೊಂದು ಕಡೆಗೆ ಕಿವಿಗೊಟ್ಟು ನಿಂತಿದ್ದೆನು.

ಆ ದಿನ ದೇವಸ್ಥಾನದ ಸಮೀಪದಲ್ಲಿಯೇ ಯಾರದೋ ಮದುವೆ ನಡೆದಿತ್ತು. ಮೈಕ್ ಸೆಟ್ಟಿನವನು ಬೇವಿನ ಮರದ ಕೊಂಬೆಗೆ ಕಹಳೆಯಾಕಾರದ ಧ್ವನಿವರ್ಧಕವನ್ನು ಬಿಗಿದು, ತನಗೆ ಪ್ರಿಯವಾದ ತಟ್ಟೆಗಳನ್ನು ಒಂದಾದಮೇಲೊಂದು ಹಾಕುತ್ತಿದ್ದನು. ಮುಹೂರ್ತಕ್ಕೆ ಇನ್ನೂ ಹೊತ್ತಿದ್ದುದರಿಂದ ಅವನದೇ ರಾಜ್ಯ. ಹಾಗೆ ಹಾಕಿದ ಒಂದು ತಟ್ಟೆಯಿಂದ ಪುಂಗಿಯ ನಾದ ಹೊರಟಿತು. ಹೆಡೆಯೆತ್ತಿದ ಹಾವು ಕಣ್ಣೆದುರಿಗೇ ತೂಗಿದಂತಾಯಿತು. ಬಯಲಿನಲ್ಲಿದ್ದ ಮಕ್ಕಳೆಲ್ಲರೂ ಎರಡೂ ಕೈಗಳನ್ನು ಹೆಡೆಯಂತೆ ಮಾಡಿಕೊಂಡು ಕುಣಿಯಲಾರಂಭಿಸಿದರು. ಅದು ೧೯೫೪ರ ಹಿಂದಿ ಚಿತ್ರ ‘ನಾಗಿನ್’ನ ಹಾಡು; ಸಂಗೀತ ಹೇಮಂತ ಕುಮಾರರದು, ಕಂಠ ಲತಾ ಮಂಗೇಶ್ಕರರದು. ಚಿತ್ರ ತೆರೆಕಂಡು ಇಪ್ಪತ್ತನಾಲ್ಕು ವರ್ಷಗಳು ಕಳೆದಿದ್ದರೂ ಆ ತಟ್ಟೆಯಿಲ್ಲದ ಮೈಕ್ ಸೆಟ್ಟು ನಮ್ಮ ಸೀಮೆಯಲ್ಲಿ ಇರಲಿಲ್ಲವೆಂದೇ ನನ್ನ ನೆನಪು.

(ಹಾವಿನ ಮಾತು ಬಂದೊಡನೆ ಚಿತ್ರದುರ್ಗದ ವಾಚಕರಿಗೆ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ತೆಗೆದ ‘ನಾಗರಹಾವು’ ನೆನಪಾಗದೆ ಇರದು. ಅದರಲ್ಲಿರುವುದು ಹಾವಿನಂಥ ರೋಷದ ಹುಡುಗ. ನಾನು ಹೇಳುತ್ತಿರುವುದು ಹಾವಾಡಿಗನಿಲ್ಲದ ಪುಂಗಿಯ ಕಥೆ.)

ನಮ್ಮೊಡನೆ ನಮ್ಮೂರಿನ ಹಾರ್ಮೋನಿಯಂ ಮೇಷ್ಟರೂ ಬಂದಿದ್ದರು. ಸುಗ್ಗಿ ಮುಗಿದು ಸಾವೆ, ರಾಗಿ ಮನೆ ಸೇರಿದಮೇಲೆ ಸುತ್ತಣ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ವನ್ನೋ ‘ರಾಜಸೂಯ ಯಾಗ’ವನ್ನೋ ಕಲಿಸುವುದು ಅವರ ಕಸುಬು. ಕಾಲಿನಿಂದ ತಿದಿ ತುಳಿದು ಎರಡೂ ಕೈಗಳಿಂದ ನುಡಿಸುವ ದೊಡ್ಡ ಪೆಟ್ಟಿಗೆ ಅವರದು. ಅವರು ಬೇವಿನ ಮರದ ಕೆಳಗೆ ನಿಂತು, ಕಣ್ಣು ಮುಚ್ಚಿ, ಹಾಡು ಮುಗಿಯುವವರೆಗೂ ಆಲಿಸಿ, ಆಮೇಲೆ ನನಗೆ ಹೇಳಿದರು:

“ಮಗಾ, ಇದು ಪುಂಗಿ ಅಲ್ಲ ಕಣೋ.”

“ಮತ್ತೇನು ಮೇಷ್ಟ್ರೇ?”

“ಏನೋ ನಂಗೂ ಗೊತ್ತಿಲ್ಲ. ಆದ್ರೆ ಆ ಬೆರಳು ತೂತಿನ ಮೇಲೆ ಆಡಿದ್ದಲ್ಲ, ಮನೆ ಮೇಲೆ ಆಡಿದ್ದು.”

ಮನೆಗಳೆಂದರೆ ಹಾರ್ಮೋನಿಯಮ್ಮಿನ ಬಿಳಿ ಕಪ್ಪು ಮನೆಗಳು. ಸುತ್ತಲಿದ್ದವರು ನಕ್ಕುಬಿಟ್ಟರು. ಹಾವಾಡಿಸುವ ವಾದ್ಯ ಹಾರ್ಮೋನಿಯಂ ಆದೀತೆ? ಮೇಷ್ಟರಿಗೆ ಎಲ್ಲ ಕಡೆಯೂ ತಮ್ಮ ಪೆಟ್ಟಿಗೆಯೇ ಕಾಣುತ್ತದೆ ಎಂದು ಮೈಕ್ ಸೆಟ್ಟಿನವನು ಹಾಸ್ಯ ಮಾಡಿದನು. ಮೇಷ್ಟರು ಮರುನುಡಿಯಲಿಲ್ಲ.

ಗಾಜಿನ ಕೊಳವೆಯ ಕಂಠ

ಮೇಷ್ಟರ ಮಾತು ಅಕ್ಷರಶಃ ನಿಜವೆಂಬುದನ್ನು ನಾನು ಓದಿ ತಿಳಿಯುವ ಹೊತ್ತಿಗೆ ಹನ್ನೊಂದು ವರ್ಷಗಳು ಕಳೆದಿದ್ದವು. ‘ನಾಗಿನ್’ ಚಿತ್ರದ ಆ ಪುಂಗಿಯನ್ನು ಯಾರೂ ಊದಿರಲಿಲ್ಲ. ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದ ಮನೆಗಳ ಮೇಲೆ ಬೆರಳಾಡಿಸಿ ಅದನ್ನು ನುಡಿಸಿದವರು ಕಲ್ಯಾಣ್‌ಜಿ ವೀರ್‌ಜಿ ಶಾ. ಮುಂದೆ ತಮ್ಮನೊಡಗೂಡಿ ಕಲ್ಯಾಣ್‌ಜಿ-ಆನಂದ್‌ಜಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಸಂಗೀತ ನಿರ್ದೇಶಕರು.

ಕ್ಲಾವಿಯೋಲಿನನ್ನು ೧೯೪೭ರಲ್ಲಿ ಫ್ರಾನ್ಸಿನ ಕಾನ್‌ಸ್ಟಾಂಟ್ ಮಾರ್ಟಿನ್ ಎಂಬಾತನು ರೂಪಿಸಿದನು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಮಿನುಗುತ್ತಿದ್ದ ಗಾಜಿನ ವಾಲ್ವುಗಳೇ ಅದರ ಗಂಟಲು. ಅದರಲ್ಲಿ ರೀಡುಗಳಿಲ್ಲ, ತಂತಿಗಳಿಲ್ಲ, ಗಾಳಿಯೂ ಇಲ್ಲ. ವಾಲ್ವಿನ ಮಂಡಲದಲ್ಲಿ ವಿದ್ಯುತ್ತು ಸೆಕೆಂಡಿಗೆ ನೂರಾರು ಸಲ ತೊನೆದಾಡುತ್ತದೆ. ಆ ತೊನೆದಾಟವನ್ನು ಧ್ವನಿವರ್ಧಕಕ್ಕೆ ಒಪ್ಪಿಸಿದರೆ ಸ್ವರವಾಗುತ್ತದೆ. ಒಂದು ಸಲಕ್ಕೆ ಒಂದೇ ಸ್ವರ. ನಾದದ ಏರಿಳಿತಕ್ಕೆ ಮೊಣಕಾಲಿನಿಂದ ತಳ್ಳುವ ಒಂದು ಸನ್ನೆಯುಂಟು. ೧೯೬೨ರಲ್ಲಿ ಇಂಗ್ಲೆಂಡಿನ ಟೊರ್ನಾಡೋಸ್ ಎಂಬ ವಾದ್ಯಗೋಷ್ಠಿಯವರು ಆಕಾಶದ ಉಪಗ್ರಹದ ಹೆಸರಿನಲ್ಲಿ ‘ಟೆಲ್‌ಸ್ಟಾರ್’ ಎಂಬ ಗತ್ತನ್ನು ಇದೇ ವಾದ್ಯದಲ್ಲಿ ನುಡಿಸಿ ಜಗತ್ತನ್ನೇ ಬೆರಗುಗೊಳಿಸಿದರು. ಅವರಿಗಿಂತ ಎಂಟು ವರ್ಷ ಮೊದಲೇ ನಮ್ಮ ದೇಶದ ಹಳ್ಳಿಹಳ್ಳಿಗಳ ಮಕ್ಕಳು ಅದರ ನಾದಕ್ಕೆ ಹೆಡೆಯಾಡಿಸಿ ಕುಣಿದಿದ್ದರು. ಅದು ಯಂತ್ರವೆಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ.

ಈ ಸಂಗತಿಯನ್ನು ನಾನು ಓಡಿಹೋಗಿ ಹೇಳಿದಾಗ ಮೇಷ್ಟರು ಜಗಲಿಯ ಮೇಲೆ ಕುಳಿತು ತಿದಿಯ ಹರಿದ ಚರ್ಮಕ್ಕೆ ಸರಿ ಅಂಟಿಸುತ್ತಿದ್ದರು. “ಆ ಮೈಕ್ ಸೆಟ್ಟಿನವನಿಗೆ ಹೇಳಿದೆಯಾ?” ಎಂದಷ್ಟೇ ಕೇಳಿದರು. ಅವನು ತೀರಿಕೊಂಡು ಎರಡು ವರ್ಷಗಳಾಗಿದ್ದವು.

ನಾದವನ್ನು ಕಡೆಯುವ ಬಗೆ

ಕ್ಲಾವಿಯೋಲಿನ್ ಇನ್ನೂ ಮೊಳಕೆ. ಸಿಂಥಸೈಸರ್ ಎಂಬ ಹೆಸರನ್ನು ಜಗತ್ತು ಬಲ್ಲಂತೆ ಮಾಡಿದವನು ಅಮೆರಿಕದ ರಾಬರ್ಟ್ ಮೂಗ್. ೧೯೬೪ರಲ್ಲಿ ಅವನು ತೋರಿಸಿದ ಯಂತ್ರವು ಟೆಲಿಫೋನು ವಿನಿಮಯ ಕೇಂದ್ರದ ಹಲಗೆಯಂತೆ ತಂತಿಗಳ ಜಾಲವಾಗಿತ್ತು. ೧೯೬೮ರಲ್ಲಿ ವೆಂಡಿ ಕಾರ್ಲೋಸ್ ಅದರ ಮೇಲೆ ಬಾಖನ ಕೃತಿಗಳನ್ನು ನುಡಿಸಿ ತಟ್ಟೆ ಹೊರಡಿಸಿದಾಗ, ಇದು ಪ್ರಯೋಗಶಾಲೆಯ ಆಟಿಕೆಯಲ್ಲವೆಂದು ಪಂಡಿತರೂ ಒಪ್ಪಬೇಕಾಯಿತು.

ಈ ಯಂತ್ರ ಮಾಡುವುದಾದರೂ ಏನು? ಹಾಲುರಾಮೇಶ್ವರದ ಗುಡಿಯಲ್ಲಿಯೇ ನಿಂತು ಇದನ್ನು ವಿವರಿಸಬಹುದು. ಗಂಟೆಯನ್ನು ಬಡಿದರೆ ನಾದವು ಥಟ್ಟನೆ ಹುಟ್ಟಿ, ಬಹಳ ಹೊತ್ತು ಕ್ಷೀಣಿಸುತ್ತ ಹೋಗುತ್ತದೆ. ಶಂಖವನ್ನೂದಿದರೆ ನಿಧಾನವಾಗಿ ಏರಿ, ಉಸಿರು ನಿಂತೊಡನೆ ನಿಂತುಬಿಡುತ್ತದೆ. ಹುಟ್ಟುವ, ನಿಲ್ಲುವ, ಸಾಯುವ ಈ ಬಗೆಯನ್ನು ಗುಂಡಿಗಳಿಂದ ನಿಗದಿ ಮಾಡುವುದು ಯಂತ್ರದ ಒಂದು ಅಂಗ. ಇನ್ನು ಕೊಡಕ್ಕೆ ನಲ್ಲಿಯ ನೀರು ತುಂಬುವ ಸದ್ದನ್ನು ನೆನೆಯಿರಿ. ಬೀಳುವ ನೀರು ಅದೇ, ಧಾರೆಯೂ ಅದೇ. ಕೊಡದೊಳಗಿನ ಅವಕಾಶ ಕಿರಿದಾದಂತೆ ಸದ್ದಿನ ಬಣ್ಣ ಬದಲಾಗುತ್ತದೆ. ಸೋಸುವ ಅಂಗ ಮಾಡುವುದೂ ಹೀಗೆಯೇ: ಮೂಲನಾದದಲ್ಲಿ ಕೆಲವು ಅಂಶಗಳನ್ನು ತಡೆದು ಕೆಲವನ್ನು ಬಿಡುತ್ತದೆ. ಒಂದೇ ಕಚ್ಚಾ ನಾದದಿಂದ ಕೊಳಲನ್ನೂ ಕಹಳೆಯನ್ನೂ ಈ ಲೋಕದಲ್ಲಿ ಎಲ್ಲಿಯೂ ಇಲ್ಲದ ವಾದ್ಯವನ್ನೂ ಕಡೆದು ತೆಗೆಯಬಹುದು.

ನಮ್ಮ ದೇಶಕ್ಕೆ ಮೂಗನ ಯಂತ್ರ ಬಂದುದು ಮುಂಬಯಿಯ ಸಿನಿಮಾದವರಿಗಾಗಿ ಎಂದು ನಾನು ಬಹುಕಾಲ ಭಾವಿಸಿದ್ದೆನು. ಹಾಗಲ್ಲ. ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಸ್ಥಾಪಿಸಿದನು. ಅದಕ್ಕೆ ಬೆನ್ನಾಗಿ ನಿಂತವರು ಗೀತಾ ಸಾರಾಭಾಯಿ. ಅಲ್ಲಿಯ ತರುಣರು ೧೯೭೨ರವರೆಗೆ ಮಾಡಿದ ಪ್ರಯೋಗಗಳು ಟೇಪುಗಳಲ್ಲಿ ಸುರುಳಿ ಸುತ್ತಿಕೊಂಡು ಗ್ರಂಥಭಂಡಾರದಲ್ಲಿ ಮಲಗಿದ್ದವು. ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದನು ಅವುಗಳನ್ನು ಹುಡುಕಿ ತೆಗೆದನು; ೨೦೨೩ರಲ್ಲಿ ಅವು ತಟ್ಟೆಯಾಗಿ ಹೊರಬಂದವು. ಅರ್ಧ ಶತಮಾನದ ಮೌನ! ಕೊಳದ ತಳದಿಂದ ಬಳೆ ತೇಲಿ ಬರುವುದನ್ನು ಕಂಡು ಬೆಳೆದವನಿಗೆ ಇದರಲ್ಲಿ ವಿಶೇಷ ಆಶ್ಚರ್ಯವಾಗಬಾರದು, ಆದರೂ ಆಯಿತು.

ಕ್ಯಾಸೆಟ್ಟಿನ ದಿನಗಳು

ನನ್ನ ಹುಚ್ಚನ್ನು ಬಲಿಸಿದ ಎರಡನೆಯ ಹಾಡು ೧೯೮೦ರ ‘ಕುರ್ಬಾನಿ’ಯದು. ಆ ಚಿತ್ರದ ಮಿಕ್ಕ ಹಾಡುಗಳಿಗೆಲ್ಲ ಅದೇ ಕಲ್ಯಾಣ್‌ಜಿ-ಆನಂದ್‌ಜಿಯವರ ಸಂಗೀತ. ನಾನು ಹೇಳುವ ಒಂದು ಹಾಡು ಮಾತ್ರ ಬಿದ್ದು ಎಂಬವರದು. ಬಿದ್ದು ನಮ್ಮವರು: ಕೊಡವ ಮನೆತನದವರು, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ತಾರುಣ್ಯದಲ್ಲಿಯೇ ಇಂಗ್ಲೆಂಡಿಗೆ ಹೋಗಿ, ೧೯೭೪ರ ‘ಕುಂಗ್ ಫೂ ಫೈಟಿಂಗ್’ ಹಾಡಿನಿಂದ ಪಶ್ಚಿಮದಲ್ಲಿ ಹೆಸರು ಗಳಿಸಿದ್ದರು. ಹದಿಹರೆಯದ ನಾಜಿಯಾ ಹಸನಳ ಕಂಠದ ಕೆಳಗೆ ಹರಿದ ಆ ಮಂದ್ರದ ಮಿಡಿತವು ನಮ್ಮ ಹಳ್ಳಿಯ ಹೋಟೆಲಿನ ಸಣ್ಣ ಪೆಟ್ಟಿಗೆಯಿಂದ ಬಂದರೂ ಎದೆಯ ಗೂಡಿಗೇ ತಾಗುತ್ತಿತ್ತು. ಟೀ ಲೋಟದ ಮೇಲೆ ಬೆರಳು ತಾನಾಗಿ ಕುಣಿಯುತ್ತಿತ್ತು.

ಕನ್ನಡದಲ್ಲಿ ಈ ದಾರಿ ಸ್ವಲ್ಪ ಬಳಸಿ ಬಂದಿತು. ೧೯೭೮ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶರು ರಾಜಕುಮಾರರಿಂದ ಇಂಗ್ಲಿಷ್ ಹಾಡನ್ನು ಹಾಡಿಸಿ ಹೊಸ ಗಾಳಿಗೆ ಕಿಟಕಿ ತೆರೆದರು. ಅವರ ಬಳಿ ಸಹಾಯಕರಾಗಿದ್ದ ಇಳಯರಾಜರು ೧೯೮೧ರಲ್ಲಿ ಶಂಕರನಾಗರ ‘ಗೀತಾ’ ಚಿತ್ರಕ್ಕೆ ಕೊಟ್ಟ ಹಾಡುಗಳು ಇಂದಿಗೂ ನಿವೃತ್ತಿ ಪಡೆದಿಲ್ಲ. ಆದರೆ ಕೀಬೋರ್ಡಿನ ನಾದವೇ ಒಂದು ಊರಿನ ಗಾಳಿಯಾಗಿ ಹರಡಿದುದನ್ನು ನಾನು ಕಂಡುದು ೧೯೮೭ರಲ್ಲಿ, ರವಿಚಂದ್ರನ್ನರ ‘ಪ್ರೇಮಲೋಕ’ ಬಂದಾಗ. ಹಂಸಲೇಖರೇ ಬರೆದು, ಹಂಸಲೇಖರೇ ರಾಗ ಕೂಡಿಸಿದ ಹಾಡುಗಳು. ಆಗ್ಗೆ ನಾನು ಚಿತ್ರದುರ್ಗದಲ್ಲಿ ಓದುತ್ತಿದ್ದೆನು. ಕ್ಯಾಸೆಟ್ ಅಂಗಡಿಯ ಮುಂದೆ, ಹೋಟೆಲಿನಲ್ಲಿ, ಖಾಸಗಿ ಬಸ್ಸಿನಲ್ಲಿ, ಹಾಸ್ಟೆಲಿನ ಮಹಡಿಯ ಮೇಲೆ ಅದೇ ಹಾಡು. ಒಂದು ಚರಣವನ್ನು ಒಂದೆಡೆ ಬಿಟ್ಟು ನಡೆದರೆ ಮುಂದಿನ ಚರಣ ಇನ್ನೊಂದೆಡೆ ಎದುರಾಗುತ್ತಿತ್ತು. ಅಭಿಜಾತ ರುಚಿಯವರು ಕಿವಿ ಮುಚ್ಚಿಕೊಂಡರು. ನಾನು ಮಾತ್ರ ಹಾಡಿಗಿಂತ ಹೆಚ್ಚಾಗಿ ಹಾಡಿನ ಹಿಂದೆ ಮಿನುಗುವ ಗಾಜಿನಂಥ, ಗಂಟೆಯಂಥ ನಾದಗಳನ್ನು ಹಿಂಬಾಲಿಸುತ್ತಿದ್ದೆನು.

ಆ ಗಂಟೆಯ ನಾದಕ್ಕೂ ಒಂದು ಕಥೆಯುಂಟು. ದೇವಾಲಯದ ಕಂಚಿನ ಗಂಟೆಯಲ್ಲಿ ಹುಟ್ಟುವ ಉಪಸ್ವರಗಳು ತಂತಿಯ ಉಪಸ್ವರಗಳಂತೆ ಎರಡು, ಮೂರು, ನಾಲ್ಕು ಪಟ್ಟಿನ ಕ್ರಮಕ್ಕೆ ಒಳಪಡುವುದಿಲ್ಲ, ಅಡ್ಡಾದಿಡ್ಡಿಯಾಗಿರುತ್ತವೆ. ಅದರಿಂದಲೇ ಅದಕ್ಕೆ ಆ ಲೋಹದ ಗುಣ. ಹಳೆಯ ಸಿಂಥಸೈಸರುಗಳಿಗೆ ಇದು ಸುಲಭವಾಗಿ ಒಲಿಯಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗನು ೧೯೬೭ರಲ್ಲಿ ಒಂದು ಸ್ವರವನ್ನು ಅತಿವೇಗವಾಗಿ ನಡುಗಿಸುತ್ತಿದ್ದಾಗ, ಒಂದು ಹಂತವನ್ನು ದಾಟಿದೊಡನೆ ನಡುಕವು ನಡುಕವಾಗಿ ಕೇಳದೆ ಹೊಚ್ಚಹೊಸ ನಾದವಾಗಿ ಕೇಳಿತು. ನಡುಕದ ಪ್ರಮಾಣವನ್ನು ಬದಲಿಸಿದರೆ ಗಂಟೆ, ಜಾಗಟೆ, ಹಿತ್ತಾಳೆ ಎಲ್ಲವೂ ಬಂದವು. ಜಪಾನಿನ ಯಮಹಾ ಕಂಪನಿಯವರು ಆ ತತ್ತ್ವವನ್ನು ಕೊಂಡು ೧೯೮೩ರಲ್ಲಿ ಡಿ.ಎಕ್ಸ್. ೭ ಎಂಬ ಕೀಬೋರ್ಡನ್ನು ಹೊರತಂದರು. ಹದಿನಾರು ಸ್ವರಗಳನ್ನು ಒಮ್ಮೆಗೇ ನುಡಿಯಬಲ್ಲ ಆ ಪೆಟ್ಟಿಗೆ ಕೆಲವೇ ವರ್ಷಗಳಲ್ಲಿ ಲೋಕದ ಧ್ವನಿಮುದ್ರಣ ಮಂದಿರಗಳನ್ನೆಲ್ಲ ಆಕ್ರಮಿಸಿತು.

ತೋಡಿಯ ಗಾಂಧಾರ

೧೯೯೧ರಲ್ಲಿ ಹೊಸದುರ್ಗದ ಒಂದು ಆರತಕ್ಷತೆಗೆ ದಾವಣಗೆರೆಯಿಂದ ಆರ್ಕೆಸ್ಟ್ರಾದವರು ಬಂದರು. ಅವರೊಡನೆ ಯಮಹಾ ಕೀಬೋರ್ಡು ಬಂದಿತು. ಊಟದ ಹೊತ್ತಿನ ಬಿಡುವಿನಲ್ಲಿ ನಾನು ಮೇಷ್ಟರನ್ನು ವೇದಿಕೆಯ ಮೇಲಕ್ಕೆ ಕರೆದೊಯ್ದೆನು. ನುಡಿಸುವ ಹುಡುಗ ಸೌಮ್ಯ ಸ್ವಭಾವದವನು; ಎದ್ದು ನಿಂತು ಜಾಗ ಬಿಟ್ಟುಕೊಟ್ಟನು. ಮೇಷ್ಟರು ಮೊದಲು ಬಗ್ಗಿ ಕೆಳಗೆ ನೋಡಿದರು.

“ಕಾಲಿಗೆ ಏನೂ ಕೆಲಸ ಇಲ್ಲೇನಪ್ಪಾ?”

“ಇಲ್ಲ ಮೇಷ್ಟ್ರೇ. ಕರೆಂಟೇ ಕಾಲು.”

ಮೇಷ್ಟರು ನಕ್ಕು ಎರಡು ಕೈಗಳನ್ನೂ ಮನೆಗಳ ಮೇಲೆ ಇಟ್ಟರು. ಒಂದು ರಂಗಗೀತೆಯ ಮೊದಲ ಸಾಲು ಸರಾಗವಾಗಿ ಬಂದಿತು. ಎಡಗಡೆಯಲ್ಲಿದ್ದ ಚಿಕ್ಕ ಗಾಲಿಯೊಂದನ್ನು ತೋರಿಸಿ ಇದೇನೆಂದು ಕೇಳಿದರು. ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಗಾಲಿ ಎಂದು ಹುಡುಗನು ತೋರಿಸಿಕೊಟ್ಟನು. ಮೇಷ್ಟರ ಮುಖದ ನಗು ಅಲ್ಲಿಗೆ ಮಾಯವಾಯಿತು.

ವಾಚಕರಲ್ಲಿ ಸಂಗೀತ ಬಲ್ಲವರಿಗೆ ಕಾರಣವನ್ನು ಹೇಳಬೇಕಾಗಿಲ್ಲ. ಹಾರ್ಮೋನಿಯಮ್ಮಿನ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗೋಡೆಯುಂಟು, ದಾಟಬಹುದು, ಜಾರಲಾಗದು. ತೋಡಿಯ ಗಾಂಧಾರವಾದರೋ ನಿಂತಲ್ಲಿ ನಿಲ್ಲದೆ ಋಷಭ ಮಧ್ಯಮಗಳ ನಡುವೆ ತೂಗಾಡಬೇಕು. ತೂಗದಿದ್ದರೆ ಅದು ತೋಡಿಯೇ ಅಲ್ಲ. “ತೋಡಿ ಪೆಟ್ಟಿಗೆಯ ರಾಗವಲ್ಲ” ಎಂದು ನಮಗೆ ಪಾಠ ಹೇಳುವಾಗಲೆಲ್ಲ ಮೇಷ್ಟರು ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಈಗ ಅವರು ಬಲಗೈಯ ಒಂದು ಬೆರಳಿನಿಂದ ಗಾಂಧಾರವನ್ನು ಒತ್ತಿ ಹಿಡಿದು, ಎಡಗೈಯಿಂದ ಗಾಲಿಯನ್ನು ಮೆಲ್ಲಗೆ ಅಲುಗಾಡಿಸಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಗಾಂಧಾರ ತೂಗಿತು. ಅವರು ಅದೊಂದನ್ನೇ ಐದಾರು ಸಲ ನುಡಿಸಿ, ಕೈ ತೆಗೆದು, ಹೆಗಲ ಮೇಲಣ ವಸ್ತ್ರದಿಂದ ಮನೆಗಳನ್ನು ಒರೆಸಿ ಕೆಳಗಿಳಿದರು. ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ.

ಮನೆಗಳ ನಡುವಣ ಈ ಗೋಡೆಯ ದೆಸೆಯಿಂದಲೇ ಆಕಾಶವಾಣಿಯು ೧೯೪೦ರ ಮಾರ್ಚ್ ತಿಂಗಳಿನಲ್ಲಿ ಹಾರ್ಮೋನಿಯಮ್ಮನ್ನು ಹೊರಗಟ್ಟಿತ್ತು. ಪರದೇಶದ ಪೆಟ್ಟಿಗೆ, ಗಮಕವರಿಯದ ಪೆಟ್ಟಿಗೆ ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರೂ ನಿಷೇಧದ ಪರವಾಗಿದ್ದರು. ೧೯೭೧ರಲ್ಲಿ ಅದು ಸಡಿಲವಾಗುವವರೆಗೂ ಮೂರು ದಶಕ ಆ ವಾದ್ಯಕ್ಕೆ ರೇಡಿಯೋದ ಬಾಗಿಲು ಮುಚ್ಚಿತ್ತು. ಸಿಂಥಸೈಸರಿನ ಮೇಲೆ ಬಂದ ಬೈಗುಳಗಳಲ್ಲಿ ಮುಕ್ಕಾಲು ಪಾಲು ಹಾರ್ಮೋನಿಯಂ ಹಿಂದೆ ತಿಂದ ಬೈಗುಳಗಳೇ. ತಮಾಷೆಯೆಂದರೆ, ಬೆಂಗಳೂರಿನ ಜಿ. ರಾಜನಾರಾಯಣರು ೧೯೭೯ರಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆಯ ವಿದ್ಯುತ್ ಶ್ರುತಿಪೆಟ್ಟಿಗೆ, ವಿದ್ಯುತ್ ತಂಬೂರಿಗಳು ಸಂಗೀತಗಾರರ ಮನೆಮನೆಯನ್ನೂ ಹೊಕ್ಕವು. ಅವೂ ವಿದ್ಯುತ್ತಿನ ತೊನೆದಾಟದಿಂದಲೇ ನಾದ ಹುಟ್ಟಿಸುವ ಯಂತ್ರಗಳು. ಅವುಗಳ ಮುಂದೆ ಕುಳಿತು ಹಾಡುತ್ತಲೇ ಸಿಂಥಸೈಸರನ್ನು ತೆಗಳಿದ ವಿದ್ವಾಂಸರನ್ನು ನಾನು ಬಲ್ಲೆನು.

ಮೇಷ್ಟರು ಗಾಲಿಯಲ್ಲಿ ಕಂಡುಕೊಂಡುದನ್ನು ಮುಂಬಯಿಯ ವಾದಕ ಚರಣಜಿತ್ ಸಿಂಗರು ೧೯೮೨ರಲ್ಲಿಯೇ ಬೇರೊಂದು ಬಗೆಯಿಂದ ಕಂಡುಕೊಂಡಿದ್ದರು. ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿ, ಡಿಸ್ಕೋ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ತಟ್ಟೆ ಹೊರತಂದರು. ಅವುಗಳಲ್ಲೊಂದಾದ ಟಿ.ಬಿ. ೩೦೩ ಬಾಸ್ ಗಿಟಾರಿಗೆ ಬದಲಾಗಿ ಮಾಡಿದ ಅಗ್ಗದ ಪೆಟ್ಟಿಗೆ. ಅದಕ್ಕೆ ಸ್ವರದಿಂದ ಸ್ವರಕ್ಕೆ ಜಾರುವ ಗುಣವಿದ್ದಿತು. ಆ ಜಾರಿನಲ್ಲಿ ಸಿಂಗರು ಮೀಂಡನ್ನು ಕಂಡರು. ತಟ್ಟೆಯನ್ನು ಕೊಳ್ಳುವವರಿರಲಿಲ್ಲ. ಐದು ವರ್ಷಗಳ ಮೇಲೆ ಅದೇ ಪೆಟ್ಟಿಗೆಯಿಂದ ಷಿಕಾಗೋ ನಗರದ ಯುವಕರು ಹೊಸ ಕುಣಿತದ ಸಂಗೀತವನ್ನೇ ಹುಟ್ಟುಹಾಕಿ ಪ್ರಖ್ಯಾತರಾದರು. ಸಿಂಗರ ತಟ್ಟೆ ೨೦೧೦ರಲ್ಲಿ ಮರುಮುದ್ರಣ ಕಂಡಿತು. ೨೦೧೫ರಲ್ಲಿ ತೀರಿಕೊಳ್ಳುವ ಮುನ್ನ ಅವರು ಯುರೋಪಿನ ವೇದಿಕೆಗಳ ಮೇಲೆ ಅದನ್ನು ನುಡಿಸಿದರೆಂಬುದೊಂದೇ ಸಮಾಧಾನ.

ಆ ವರ್ಷದ ಕುರುಕ್ಷೇತ್ರ

ಇನ್ನು ಹೇಳಲೇಬೇಕಾದ, ಹೇಳಲು ಮನಸ್ಸು ಹಿಂಜರಿಯುವ ಸಂಗತಿ. ೧೯೯೨ರ ಸುಗ್ಗಿ ಕಳೆದಮೇಲೆ ನಮ್ಮೂರಿನಲ್ಲಿ ‘ಕುರುಕ್ಷೇತ್ರ’ ಆಡುವುದೆಂದು ತೀರ್ಮಾನವಾಯಿತು. ಈ ಸಲ ಹಾರ್ಮೋನಿಯಂ ಬೇಡ, ಕೀಬೋರ್ಡು ತರಿಸೋಣವೆಂದು ಹುಡುಗರು ಪಟ್ಟುಹಿಡಿದರು. ಕೈಯೆತ್ತಿದವರಲ್ಲಿ ನಾನು ಮೊದಲನೆಯವನು. ಹಾಡುಗಳನ್ನು ಕಲಿಸಿದವರು ಮೇಷ್ಟರೇ. ನಾಟಕದ ರಾತ್ರಿ ಮಾತ್ರ ನುಡಿಸುವುದಕ್ಕೆ ಬೇರೊಬ್ಬನು ಬಂದನು. ಅವರಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯನ್ನು ಹಾಕಿಸಿದೆವು. ಅವರು ಬರಲಿಲ್ಲ.

ಬಂದ ಹುಡುಗನು ಸಿನಿಮಾ ಹಾಡಿನಲ್ಲಿ ಗಟ್ಟಿಗ. ಆದರೆ ಹಳ್ಳಿಯ ದುರ್ಯೋಧನನು ಯಾವ ಶ್ರುತಿಯಲ್ಲಿ ಬಾಯಿ ತೆರೆಯುವನೆಂಬುದು ದುರ್ಯೋಧನನಿಗೇ ಗೊತ್ತಿರುವುದಿಲ್ಲ. ಅವನು ತೆಗೆದ ಶ್ರುತಿಗೆ ಪೆಟ್ಟಿಗೆಯನ್ನು ಒಯ್ಯಬೇಕು. ಕಂದವನ್ನು ಎಳೆದಾಗ ಕಾಯಬೇಕು, ಮರೆತಾಗ ಸಾಲನ್ನು ಮೆಲ್ಲಗೆ ಎತ್ತಿಕೊಡಬೇಕು. ಹುಡುಗನು ಹಾಡಿನ ಮಧ್ಯದಲ್ಲಿ ಗುಂಡಿಗಳನ್ನು ತಡಕುವಷ್ಟರಲ್ಲಿ ದುರ್ಯೋಧನನು ಇನ್ನೊಂದು ಶ್ರುತಿಗೆ ಏರಿರುತ್ತಿದ್ದನು. ನಡುರಾತ್ರಿ ಮೀರುವ ಹೊತ್ತಿಗೆ ಜನರ ಸಿಳ್ಳು ಜೋರಾಯಿತು. ಭೀಮನ ಪಾತ್ರಧಾರಿ ಬಣ್ಣದ ಮುಖದಲ್ಲಿಯೇ ಗದೆ ಹಿಡಿದು ನನ್ನ ಬಳಿಗೆ ಬಂದು, “ಹೋಗಿ ಮೇಷ್ಟ್ರನ್ನ ಕರ್ಕಂಡ್ ಬಾ” ಎಂದನು.

ಮೇಷ್ಟರು ಎಚ್ಚರವಾಗಿಯೇ ಇದ್ದರು. ಧ್ವನಿವರ್ಧಕದಿಂದ ಎಲ್ಲವೂ ಅವರ ಜಗಲಿಗೆ ಕೇಳುತ್ತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆನು. ಅವರು ಕೈಯಿಂದಲೇ ತಡೆದು, ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಹಾರ್ಮೋನಿಯಮ್ಮನ್ನು ಹೊರಲು ನಾನು ಬಗ್ಗಿದೆನು. “ಅದನ್ನ ಯಾಕೆ ಹೊರ್ತೀಯ? ಅಲ್ಲಿ ಒಂದು ಐತಲ್ಲ” ಎಂದರು.

ಆ ರಾತ್ರಿಯ ಉಳಿದ ನಾಟಕವನ್ನು ಅವರು ಕೀಬೋರ್ಡಿನ ಮುಂದೆ ಕುಳಿತು ದಡ ಮುಟ್ಟಿಸಿದರು. ಬಂದ ಹುಡುಗನು ಪಕ್ಕದಲ್ಲಿ ಕುಳಿತು, ಅವರು ಹೇಳಿದ ನಾದಕ್ಕೆ ಗುಂಡಿ ಒತ್ತುತ್ತಿದ್ದನು. ದ್ರೌಪದಿಯ ಶೋಕದ ಹಾಡಿಗೆ ಮೇಷ್ಟರು ತಾವು ಕಲಿಸಿದ ರಾಗವನ್ನು ಬಿಟ್ಟು ತೋಡಿಯನ್ನು ಹಿಡಿದರು. ಪಾತ್ರಧಾರಿಯು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಅದರ ಬೆನ್ನು ಹಿಡಿದನು. ನಾನು ವೇದಿಕೆಯ ಮಗ್ಗುಲಲ್ಲಿ ಪರದೆಯ ಹಗ್ಗ ಹಿಡಿದು ನಿಂತಿದ್ದೆನು. ಅಲ್ಲಿಂದ ನನಗೆ ಅವರ ಕೈಗಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಮೇಜಿನ ಕೆಳಗಣ ಅವರ ಬರಿಗಾಲುಗಳು. ಅಲ್ಲಿ ತಿದಿಯಿರಲಿಲ್ಲ, ಆದರೂ ಅವೆರಡೂ ಬೆಳಕು ಹರಿಯುವವರೆಗೆ ಒಂದಾದಮೇಲೊಂದರಂತೆ ನೆಲವನ್ನು ತುಳಿಯುತ್ತಲೇ ಇದ್ದವು.